ಬಾಗಿಲಲ್ಲಿ ತಾತನ ಗೊರಕೆ

ಎಪ್ಪತ್ತರ ದಶಕದ ಒಂದು ಶುಕ್ರವಾರ ಬೆಳಿಗ್ಗೆ ಮದ್ರಾಸಿನ ಪುರಸೈವಾಕ್ಕಂನ ನಮ್ಮ ವಠಾರದ ಬಾಗಿಲಲ್ಲಿ ನಮ್ಮ ತಾತನ ಗೊರಕೆ ರಂಗೋಲಿಯಾಗಿ ಹರಡಿತ್ತು! ನಾನೇ ಹೊಲಿದು ಮಾಡಿದ ಫೋಟೊ ಪುಸ್ತಕದಲ್ಲಿ, ಬಾಯಿ ತೆರೆದು ಮಲಗಿದ ತಾತನ ಫೋಟೊದ ಎದುರು ಪುಟದಲ್ಲಿ ಅವರ ಗೊರಕೆಯನ್ನು ಬರೀ ಚುಕ್ಕಿ, ಸುರುಳಿಗಳಲ್ಲಿ ಬರೆದಿದ್ದೆ. ಹಿಂದಿನ ದಿನ ಪಕ್ಕದ ಮನೆಯ ತಮಿಳು ಮಾಮಿ ಆ ಪುಸ್ತಕವನ್ನು ಕೇಳಿ ಒಯ್ದಿದ್ದರು.

“ನಿನ್ ಕೋಲಂ ಬುಕ್ಕು ರೊಂಬ ಚೆನ್ನಾಗಿದೇಮ್ಮಾ. ಮಧ್ಯೆ ತಾತನ್ನ ಯಾಕೆ ಮಲಗ್ಸಿದೀ?” ಎಂದರು ರಂಗೋಲಿಗೆ ಕೋಲಂ ಎನ್ನುವ ಮಾಮಿ.

ತಾವು ಗೊರಕೆಯೇ ಹೊಡೆಯುವುದಿಲ್ಲವೆಂದು ವಾದಿಸುತ್ತಿದ್ದ ತಾತ ಪಂಚೆ ಎತ್ತಿಕೊಂಡು, ಆ ರಂಗೋಲಿಯನ್ನು ತುಳಿಯದಂತೆ ದಾಟಿ, “ಆಹಾ, ನೋಡಿದ್ರೆ ಮನಸ್ಸಿಗೆ ಎಷ್ಟು ಶಾಂತಿ!” ಎಂದರು.

ತಾತ ತೀರಿಕೊಂಡ ಮೇಲೂ ಮಾಮಿ ಶುಕ್ರವಾರದ ಆ ಕೋಲಂ ಬಿಡಲಿಲ್ಲ, ನಾನು ನಿಜ ಹೇಳಲೂ ಇಲ್ಲ. ತಾತನ ಗೊರಕೆ ದಾಟಿಕೊಂಡೇ ನಾವೆಲ್ಲ ಆಫೀಸಿಗೆ ಹೋಗುತ್ತಿದ್ದೆವು.