ಉಡಿ ಸೇರದ ಖಣ

ನನ್ನ ಟ್ರಂಕಿನ ತಳದಲ್ಲಿ ಹೊಲಿಸದೇ ಉಳಿದ ಕುಬಸದ ಖಣವೊಂದಿದೆ. ಹಸಿರು ಮೈ, ಕೆಂಪು ಅಂಚು, ಮಡಿಕೆಯ ಗೆರೆಗುಂಟ ಬಣ್ಣ ಹಾರಿದೆ. ವರ್ಷಕ್ಕೊಮ್ಮೆ ಬೇವಿನೆಲೆ ಬದಲಿಸುವಾಗ ಅದನ್ನು ಬಿಸಿಲಿಗೆ ಹರವಿ ಪಕ್ಕದಲ್ಲಿ ಕೂತಿರುತ್ತೇನೆ. ಇಷ್ಟು ಚೆಂದದ್ದನ್ನು ತೊಡಲಿಲ್ಲವೇಕೆ ಎಂದು ನೀವು ಕೇಳಬಹುದು. ಒಬ್ಬಳ ಉಡಿಗೆಂದು ತೆಗೆದಿಟ್ಟದ್ದನ್ನು ಇನ್ನೊಬ್ಬಳು ತೊಡುವ ರೂಢಿ ನಮ್ಮಲ್ಲಿಲ್ಲ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ಅಣ್ಣಿಗೇರಿಗೆ ನಾಟಕ ಕಂಪನಿ ಬಂದಿತ್ತು. ಅದರ ನಾಯಕಿ ರತ್ನಾಳಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ವಿಭೂತಿ ಧರಿಸಿ, ಬಿಳಿ ಸೀರೆಯುಟ್ಟು ಅವಳು ಶರಣೆಯಾಗಿ ನಿಂತರೆ ಹೆಂಗಸರೆಲ್ಲ ಕೂತಲ್ಲೇ ಕೈಮುಗಿಯುತ್ತಿದ್ದರು. ಆಟ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳಲೂ ಬಿಡದೆ ಪಾದ ಮುಟ್ಟುತ್ತಿದ್ದರು. ಅವ್ವನೂ ಮುಟ್ಟಿ, ಮಂಗಳವಾರ ಉಡಿ ತುಂಬುತ್ತೇನೆ, ಮನೆಗೆ ಬನ್ನಿ ಎಂದು ಕರೆದಳು. ನಾನು ರತ್ನಾಳ ಕಿವಿಯಲ್ಲಿ ಒಂದು ಗುಟ್ಟು ಉಸುರಿದೆ. ಹುಬ್ಬಳ್ಳಿಯಲ್ಲಿ, ಕಾಕಾನ ಮಗಳ ಜೊತೆ, ಮನೆಯಲ್ಲಿ ಹೇಳದೆ, ರತ್ನಾ ಪಟ್ಟಣದ ಪೋರಿಯಾಗಿ ಸಿಗರೇಟು ಸೇದುವ ಇನ್ನೊಂದು ನಾಟಕವನ್ನು ನಾನು ನೋಡಿದ್ದೆ. ಅವಳು ನಕ್ಕು ನನ್ನ ಗಲ್ಲ ಹಿಂಡಿದಳು.

ಅವ್ವ ಅವಳ ಉಡಿಗೆಂದು ಈ ಖಣ ತಂದಿಟ್ಟಳು. ಮಂಗಳವಾರಕ್ಕೆ ಎರಡು ದಿನವಿರುವಾಗ ವಾರಪತ್ರಿಕೆಯೊಂದು ಊರೆಲ್ಲ ಸುತ್ತಿತು. ಅದರಲ್ಲಿ ಸಿಗರೇಟು ಹಿಡಿದ ರತ್ನಾ. ಕೆಳಗೆ, ಇದೇ ಶರಣೆಯ ನಿಜರೂಪ ಎಂಬ ಬರಹ. ಅದೇ ಹೂವಿನ ಪರದೆ, ಅದೇ ಮುರುಕು ಕುರ್ಚಿ. ಅದು ಹುಬ್ಬಳ್ಳಿಯ ರಂಗದ ಮೇಲೆ ತೆಗೆದ ಫೋಟೋ ಎಂದು ನೋಡಿದ ಕೂಡಲೇ ತಿಳಿಯಿತು. ಹೇಳಿದರೆ ನಾನು ಕದ್ದು ನೋಡಿದ್ದು ಹೊರಬೀಳುತ್ತದೆ. ಬಾಯಿ ಮುಚ್ಚಿಕೊಂಡೆ. ಪಾದ ಮುಟ್ಟುವಾಗ ವೇಷವನ್ನೇ ನಂಬಿದ್ದ ಊರು ಉಗಿಯುವಾಗಲೂ ವೇಷವನ್ನೇ ನಂಬಿತು. ಎಂಥ ಮಂದಿ ನಾವು!

ಮಂಗಳವಾರ ರತ್ನಾ ಬಂದೇ ಬಂದಳು. ತಲೆಗೆರೆದುಕೊಂಡು, ಹೊಸದಾಗಿ ಹಸಿರು ಬಳೆ ಇಟ್ಟುಕೊಂಡಿದ್ದಳು. ಅವ್ವ ಅಡುಗೆಮನೆ ಸೇರಿ ನನ್ನನ್ನು ಬಾಗಿಲಿಗೆ ಕಳಿಸಿದಳು.

"ಅವ್ವ ಮನ್ಯಾಗಿಲ್ಲ್ರಿ" ಎಂದೆ. ಒಳಗೆ ಪಾತ್ರೆ ಸದ್ದಾಯಿತು.

ಅವಳು ದನಿ ತಗ್ಗಿಸಿ, "ನೀ ಆ ಆಟ ನೋಡೀಯಲ್ಲ ತಂಗಿ. ಒಂದ ಮಾತು ಹೇಳವಾ" ಎಂದಳು.

ನಾನು ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತೆ. ನಿಮ್ಮ ಮಗಳನ್ನೇ ಕೇಳಿ ಎಂದು ಅವಳು ಕೂಗಿಬಿಡಬಹುದಿತ್ತು. ಕೂಗಿದ್ದರೆ ಅವಳ ಹೆಸರು ಉಳಿಯುತ್ತಿತ್ತೋ ಏನೋ. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಒಳಗೂ ಕೇಳುವಷ್ಟು ಗಟ್ಟಿಯಾಗಿ, "ಇರ್ಲಿ ಬಿಡು. ನಾ ಬಂದ್ ಹೋದೆ ಅಂತ ಅವ್ವಾರಿಗೆ ಹೇಳು" ಎಂದು ಕಟ್ಟೆ ಇಳಿದಳು.

ಮಾಲೀಕ ಶರಣೆಯ ಪಾತ್ರವನ್ನು ಬೇರೊಬ್ಬಳಿಗೆ ಕೊಟ್ಟ. ಗೋಡೆಯ ಜಾಹೀರಾತಿನಲ್ಲಿ ರತ್ನಾಳ ಹೆಸರಿನ ಮೇಲೆ ಹೊಸ ಹೆಸರಿನ ಚೀಟಿ ಅಂಟಿತು. ಅವಳಿಗೆ ಉಳಿದದ್ದು ಆ ಸಿಗರೇಟಿನ ಪೋರಿಯ ವೇಷ. ಸಿಳ್ಳೆ ಹೊಡೆಯಲು ಗಂಡಸರು ಕಿಕ್ಕಿರಿದರು, ಹೆಂಗಸರ ಕಡೆಯ ಚಾಪೆ ಖಾಲಿ. ಕಂಪನಿ ನವಲಗುಂದಕ್ಕೆ ಹೋಗುವಷ್ಟರಲ್ಲಿ ಅವಳು ಬಿಟ್ಟುಹೋಗಿದ್ದಳಂತೆ. ಎಲ್ಲಿಗೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅವ್ವ ಹೋದಳು, ಕಾಕಾನ ಮಗಳೂ ಹೋದಳು. ಅಂಜಬೇಕಾದವರು ಒಬ್ಬರೂ ಉಳಿಯದ ಮೇಲೆ ಈ ಮಾತನ್ನು ನಿಮ್ಮೆದುರು ಆಡುತ್ತಿದ್ದೇನೆ, ನಾಚಿಕೆಯಾಗುತ್ತದೆ. ಈ ಖಣ ಅವಳದೆಂದು ಇಷ್ಟು ವರ್ಷ ಜೋಪಾನ ಮಾಡಿದೆ, ಅದೇನೋ ದೊಡ್ಡ ಪ್ರಾಯಶ್ಚಿತ್ತವೆಂಬಂತೆ. ಅವಳಾದರೋ ನಾನು ಬೇಡದೆಯೂ ನನ್ನ ಮಾನ ಕಾಯ್ದು ಹೋದಳು. ನಮ್ಮ ಮನೆಯಿಂದ ಅವಳ ಉಡಿಯಲ್ಲಿ ಹೋದದ್ದು ನನ್ನ ಗುಟ್ಟೊಂದೇ.

ಬಿಸಿಲು ಇಳಿಯಿತು. ಖಣವನ್ನು ಮತ್ತೆ ಆ ಹಳೆಯ ಗೆರೆಗಳ ಮೇಲೆಯೇ ಮಡಿಚುತ್ತಿದ್ದೇನೆ.