ಲಿಂಗ ಹಿಡಿಯುವ ಕೈ

ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೇ ಪೂಜಿಸಬೇಕು. ಸಿರುಗುಪ್ಪದ ತವರಿನಲ್ಲಿ ದೀಕ್ಷೆಯಾದ ದಿನದಿಂದ ನಾನು ಹಾಗೇ ಮಾಡಿಕೊಂಡು ಬಂದವಳು. ಮೈತುಂಬ ಜಾಗವಿದ್ದರೂ ಪಾರ್ಕಿನ್ಸನ್ ಕಾಯಿಲೆ ಬಂದು ಠಿಕಾಣಿ ಹೂಡಿದ್ದು ಆ ಕೈಯಲ್ಲೇ. ಮಾತ್ರೆ ನುಂಗಿ ನುಂಗಿ ಸಾಕಾಯಿತು, ನಡುಕ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಲಿಂಗ ಅಂಗೈಯಿಂದ ಜಾರಿ ಮಡಿಲಿಗೆ ಬಿತ್ತು. ನೆಲಕ್ಕೆ ಬಿದ್ದಿದ್ದರೆ ಎಂದು ನೆನೆದು ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು.

ಬಳ್ಳಾರಿಯ ನರರೋಗದ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಮಿದುಳಿನೊಳಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟು ಕರೆಂಟು ಹರಿಸುತ್ತಾರಂತೆ. ರೋಗ ವಾಸಿಯಾಗುವುದಿಲ್ಲ, ನಡುಕ ಹಿಡಿತಕ್ಕೆ ಬರಬಹುದು ಎಂದು ಬಿಡಿಸಿ ಹೇಳಿದರು. ನನಗೆ ಅಷ್ಟೇ ಸಾಕಿತ್ತು.

ಸುದ್ದಿ ತಿಳಿದು ಕುರುಗೋಡಿನಿಂದ ಭಾವ, ನನ್ನ ಗಂಡನ ಅಣ್ಣ, ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಗೆ ಬುದ್ಧಿ ಹೇಳಲು ಬಂದರು. ಮನೆತನದಲ್ಲಿ ಅವರಿಗೆ ಎದುರಾಡಿದವರಿಲ್ಲ. ತಲೆಗೆ ತೂತು ಹೊಡೆಸಿಕೊಳ್ಳುವ ಬದಲು ಲಿಂಗವನ್ನು ಪೀಠದ ಮೇಲಿಟ್ಟು ಕೈಮುಗಿದರೆ ಆಯಿತಲ್ಲ ಎಂದರು. ನಾನು ಒಲ್ಲೆನೆಂದು ಪಟ್ಟು ಹಿಡಿದೆ.

"ಎದಿ ಮ್ಯಾಲ ಲಿಂಗ, ಎದಿ ಒಳಗ ಕರೆಂಟು. ಹೆಂಗ ಕೂಡತೈತವ್ವಾ ಇದು?" ಎಂದರು.

"ನಿಮ್ಮ ಓಣಿ ಗುಡ್ಯಾಗ ಮಂಗಳಾರತಿಗೆ ನಗಾರಿ ಬಾರಿಸೋದು ಕರೆಂಟಿನ ಮಷೀನು ಭಾವಾರ. ದೇವ್ರು ಎದ್ದು ಹೋಗ್ಯಾನೇನ್ರಿ?" ಎಂದೆ.

ಆ ಮಷೀನು ಕೊಡಿಸಿದವರು ಭಾವನವರೇ. ನಮ್ಮ ಯಜಮಾನರು ನಗು ತಡೆಯಲಾರದೆ ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಆಪರೇಷನ್ ದಿನ ಲಿಂಗವನ್ನು ಯಜಮಾನರ ಕೈಗೊಪ್ಪಿಸಿ ಒಳಗೆ ಹೋದೆ. ತಲೆ ಬೋಳಿಸಿದ್ದರು, ಮೇಲೆ ಲೋಹದ ಚೌಕಟ್ಟು ಬಿಗಿದರು. ಕೈ ನೋಡಬೇಕೆಂದು ನನ್ನನ್ನು ಎಚ್ಚರವಾಗಿಯೇ ಇಟ್ಟಿದ್ದರು. ಹೆದರಲಿಲ್ಲ ಎಂದರೆ ಸುಳ್ಳಾದೀತು. ಡಾಕ್ಟರು ಎಡಗೈ ಎತ್ತಲು ಹೇಳಿದಾಗ ಪೂಜೆಗೆ ಹಿಡಿಯುವ ಹಾಗೆ ಅಂಗೈ ಮೇಲೆ ಮಾಡಿ ಹಿಡಿದೆ. ಜೋಳ ಕೇರುವ ಮೊರದ ಹಾಗೆ ಕುಣಿಯುತ್ತಿತ್ತು. ಕರೆಂಟು ಬಿಟ್ಟರು. ಕುಣಿತ ನಿಂತಿತು. ಬರಿಗೈಯನ್ನೇ ನೋಡುತ್ತಾ ಮಲಗಿದ್ದೆ.

ಆಮೇಲೆ ಬ್ಯಾಟರಿಯ ಕರೆಂಟನ್ನು ಹೆಚ್ಚುಕಡಿಮೆ ಮಾಡಿಸಿಕೊಳ್ಳಲು ಬೆಂಗಳೂರಿಗೆ ಎಷ್ಟೋ ಸಲ ಓಡಾಡಿದ್ದಾಯಿತು. ಮಾತ್ರೆ ಕಡಿಮೆಯಾದವು, ಪೂರ್ತಿ ತಪ್ಪಲಿಲ್ಲ. ತಲೆಯಲ್ಲಿ ಕೂದಲು ಬೆರಳುದ್ದ ಬೆಳೆಯುವ ಹೊತ್ತಿಗೆ ಭಾವ ಮತ್ತೆ ಬಂದರು. ಬೇಕೆಂದೇ ಅವರ ಎದುರಿಗೇ ಪೂಜೆಗೆ ಕೂತೆ, ಸೆರಗನ್ನೂ ತಲೆಗೆ ಹೊದೆಯಲಿಲ್ಲ. ಅವರು ನನ್ನ ಕೈಯನ್ನು ಬಹಳ ಹೊತ್ತು ನೋಡಿದರು.

"ಬೆರಳ ತುದಿ ಇನ್ನೂ ಅಲುಗತಾವಲ್ಲವ್ವಾ" ಎಂದರು.

"ಅಲುಗ್ಲಿ ಬಿಡ್ರಿ. ಲಿಂಗ ಬೀಳಂಗಿಲ್ಲ" ಎಂದೆ.