ತಾನಾಗಿ ನಿಂತದ್ದು

ನಮ್ಮ ಮನೆತನದಲ್ಲಿ ಯಾವ ಹೆಂಗಸಿಗೂ ಮುಟ್ಟು ತಾನಾಗಿ ನಿಂತಿರಲಿಲ್ಲ. ಅವ್ವ, ಚಿಗವ್ವ, ಕಕ್ಕೇರಾಕ್ಕೆ ಕೊಟ್ಟ ಅಕ್ಕ, ಎಲ್ಲರೂ ನಲವತ್ತು ತುಂಬುವ ಮೊದಲೇ ಆಪರೇಷನ್ ಮಾಡಿಸಿಕೊಂಡು ಗರ್ಭಚೀಲ ತೆಗೆಸಿದವರು. ಬಿಳಿ ಸೆರಗು ಹೋದರೂ ಅದೇ ಮದ್ದು, ಸೊಂಟ ನೋವಾದರೂ ಅದೇ. ಹೀಗಾಗಿ ನಲವತ್ತೇಳರಲ್ಲಿ ನನ್ನ ಮೈ ಬದಲಾಗತೊಡಗಿದಾಗ ಇದು ಏನೆಂದು ಹೇಳುವವರು ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಶಹಾಪುರದ ಶಾಲೆಯೊಂದರಲ್ಲಿ ನಾನು ಟೀಚರ್. ಪಾಠ ಮಾಡುತ್ತಿದ್ದಂತೆಯೇ ಎದೆಯಿಂದ ಬಿಸಿ ಎದ್ದು ಮುಖಕ್ಕೇರಿ ಕುಪ್ಪಸ ತೊಯ್ದು ತೊಪ್ಪೆಯಾಗುತ್ತಿತ್ತು. ಮುಟ್ಟು ಒಮ್ಮೆ ಎರಡು ತಿಂಗಳು ನಾಪತ್ತೆ, ಒಮ್ಮೆ ಹದಿನೈದು ದಿನಕ್ಕೇ ಹಾಜರ್. ಸಿಟ್ಟಂತೂ ಮೂಗಿನ ತುದಿಯಲ್ಲೇ. ಮೊದಲೂ ಅಲ್ಲೇ ಇತ್ತು ಎನ್ನುತ್ತಾರೆ ನಮ್ಮ ಮನೆಯವರು, ಅದು ಬೇರೆ ಮಾತು. ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಕಾವು ತಾಳದೆ ಹಿಟ್ಟು ಅರ್ಧಕ್ಕೇ ಬಿಟ್ಟು ಎದ್ದುಹೋದೆ. ಅವರೇ ಎದ್ದು ಬಂದು ಅನ್ನಕ್ಕಿಟ್ಟರು. ಅದಕ್ಕೂ ನನಗೆ ಸಿಟ್ಟೇ ಬಂತು.

ಅಕ್ಕ ಬಂದವಳೇ ತೀರ್ಪು ಕೊಟ್ಟಳು. "ಚೀಲ ಕೆಟ್ಟದ. ತಗಸಿಬಿಡು, ಪೀಡಾ ಹೋಗ್ತದ. ನಾ ನೋಡು, ಹೆಂಗ ಗಟ್ಟಿಮುಟ್ಟ ಅದೀನಿ!" ಹಾಗೆಂದವಳು ಮೊಣಕಾಲು ಒತ್ತಿಕೊಳ್ಳುತ್ತಲೇ ಕೂತಿದ್ದಳು. ಆದರೂ ನಾನು ಹೂಂ ಅಂದೆ. ಬೇಸಿಗೆ ರಜೆಯಲ್ಲಿ ಆಪರೇಷನ್ ಎಂದು ನಿಶ್ಚಯವಾಯಿತು. ಮಲಗಿಸಿದ ಮೇಲೆ ನಾನು ಏಳದೇ ಹೋದರೆ ಎಂಬ ಹೆದರಿಕೆ ಒಳಗೇ ಕೊರೆಯುತ್ತಿತ್ತು. ಯಾರಿಗೂ ಹೇಳಲಿಲ್ಲ.

ಮೈಯಲ್ಲಿ ರಕ್ತ ಸಾಕಷ್ಟಿದೆಯೇ ಎಂದು ಮೊದಲು ನೋಡಿಸಿಕೊಳ್ಳಲು ಅಕ್ಕನ ಜೊತೆ ಯಾದಗಿರಿಯ ದವಾಖಾನೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, ಚೀಟಿಗಳನ್ನೆಲ್ಲ ನೋಡಿ ಕೇಳಿದರು.

"ಇದನ್ನ ಯಾಕ ತಗಸ್ತೀರಿ? ಚೀಲ ಛಲೋ ಅದ. ಮುಟ್ಟು ನಿಲ್ಲೋ ವಯಸ್ಸು ಬಂದದ, ಅಷ್ಟೇರಿ. ಕೆಲವು ದಿನ ಹಿಂಗ ಕಾಡ್ತದ. ತಡಕೊಳ್ಳಾಕ ಆಗಲಿಲ್ಲಂದ್ರ ಬರ್ರಿ, ಔಷಧ ಅದಾವ."

"ತಾನಾಗೇ ನಿಲ್ತದೇನ್ರಿ?" ಎಂದೆ. ಮಕ್ಕಳಿಗೆ ವಿಜ್ಞಾನ ಹೇಳುವವಳ ಪ್ರಶ್ನೆ ಇದು! ಡಾಕ್ಟರಮ್ಮ ನಕ್ಕರು. ನನಗೂ ನಗು ಬಂತು, ಹಿಂದೆಯೇ ಅಳುವೂ ಬಂತು. ಎಷ್ಟು ಹಗುರಾದೆನೆಂದರೆ, ಹೊರಗೆ ಬಂದು ಎರಡು ಪ್ಲೇಟ್ ಮಿರ್ಚಿ ಭಜಿ ತಿಂದೆ. ಅದಾಗಿ ಎರಡು ವರ್ಷಕ್ಕೆ ಮುಟ್ಟು ನಿಂತಿತು, ತಾನಾಗಿ.

ಆ ದಿನ ಅಕ್ಕ ಮಾತ್ರ ಭಜಿ ಮುಟ್ಟಲಿಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, "ನನಗ ಆಗ ಮೂವತ್ತಾರು. ನಂದೂ ಛಲೋನೇ ಇತ್ತೇನು?" ಎಂದಳು.

ಆಮೇಲೆ ಮೂಗು ಒರೆಸಿಕೊಂಡು ಸುರಪುರದಲ್ಲಿರುವ ಮಗಳಿಗೆ ಫೋನ್ ಹಚ್ಚಿದಳು. ಸೊಂಟ ನೋವೆಂದ ಆ ಹುಡುಗಿಗೂ ಚೀಲ ತೆಗೆಸು ಎಂದು ಹೇಳಿದ್ದವಳು ಇವಳೇ.

"ನಾ ಹೇಳಿದ್ದು ತಪ್ಪಾಗ್ಯಾದವ್ವ. ಆಪರೇಷನ್ ಬ್ಯಾಡ. ಸೋಮವಾರ ಯಾದಗಿರಿಗೆ ಬಾ, ನಾನೂ ಬರ್ತೀನಿ."